ಪ್ರತ್ಯೇಕ ಬಿಲ್ಡ್ ಡೈರೆಕ್ಟರಿ

ಕಾರ್ಯಾಚರಣ ವ್ಯವಸ್ಥೆಯೊಂದರ ಸೋರ್ಸ್ ಕೋಡನ್ನು ಕಂಪೈಲ್ ಮಾಡುವಾಗ ಹುಟ್ಟುವ ಫೈಲುಗಳನ್ನು ಸೋರ್ಸ್‌ನೊಡನೆ ಬೆರೆಸದೆ ಇರಿಸಲು ಮೀಸಲಿಟ್ಟ ಡೈರೆಕ್ಟರಿಗೆ ಪ್ರತ್ಯೇಕ ಬಿಲ್ಡ್ ಡೈರೆಕ್ಟರಿ ಎನ್ನುತ್ತಾರೆ. ಆಬ್ಜೆಕ್ಟ್ ಫೈಲುಗಳು, ಲೈಬ್ರರಿಗಳು, ಬಿಲ್ಡ್ ನಡೆಯುತ್ತಿರುವಾಗಲೇ ತಯಾರಾಗುವ ಹೆಡರ್‌ಗಳು, ಅವಲಂಬನೆಯ ದಾಖಲೆಗಳು, ಕೊನೆಯಲ್ಲಿ ಕೈಗೆ ಸಿಗುವ ಕರ್ನಲ್ ಇಮೇಜ್ ಎಲ್ಲವೂ ಇಲ್ಲಿಗೇ ಬಂದು ಸೇರುತ್ತವೆ. ಮನುಷ್ಯರು ಬರೆದ ಫೈಲುಗಳು ಇರುವ ಜಾಗ ಸೋರ್ಸ್ ಡೈರೆಕ್ಟರಿ. ಬಿಲ್ಡ್ ಅಲ್ಲಿಂದ ಓದುತ್ತದೆ, ಅಲ್ಲಿಗೆ ಏನನ್ನೂ ಬರೆಯುವುದಿಲ್ಲ. ಇಡೀ ಪದ್ಧತಿ ನಿಂತಿರುವುದು ಈ ಒಂದು ನಿಯಮದ ಮೇಲೆ.

ಈ ಲೇಖನದಲ್ಲಿ ‘ಸೋರ್ಸ್ ಡೈರೆಕ್ಟರಿ’ ಎಂದರೆ ಒಂದು ಯೋಜನೆಯ ಸೋರ್ಸ್‌ನ ಬೇರುಕೋಶ (ಎಲ್ಲಕ್ಕೂ ಮೇಲಿನ ಡೈರೆಕ್ಟರಿ) ಮತ್ತು ಅದರ ಕೆಳಗಿರುವ ಎಲ್ಲವೂ. ‘ಬಿಲ್ಡ್ ಡೈರೆಕ್ಟರಿ’ ಎಂದರೆ ಒಂದು ಸಂರಚನೆಗೆ ಸೇರಿದ ಉತ್ಪನ್ನಗಳ ಬೇರುಕೋಶ. ಯಾವ ಪ್ರೊಸೆಸರ್, ಯಾವ ಆಯ್ಕೆಗಳು, ಯಾವ ಕಂಪೈಲರ್ ಎಂಬ ತೀರ್ಮಾನಗಳನ್ನು ಒಟ್ಟಾಗಿ ‘ಸಂರಚನೆ’ ಎಂದು ಕರೆಯಲಾಗಿದೆ. ಬಿಲ್ಡ್ ನಡೆಯುವ ಯಂತ್ರ ‘ಹೋಸ್ಟ್’. ತಯಾರಾದ ವ್ಯವಸ್ಥೆ ಓಡಬೇಕಾದ ಯಂತ್ರ ‘ಟಾರ್ಗೆಟ್’.

ಉಗಮ

ಯುನಿಕ್ಸ್‌ನ ಆರಂಭದ ವರ್ಷಗಳಲ್ಲಿ ಈ ವಿಂಗಡಣೆ ಇರಲಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರೂಪಿಸಿದ ಮೇಕ್ ಎಂಬ ಉಪಕರಣ ಎರಡು ಫೈಲುಗಳ ಮಾರ್ಪಾಟಿನ ವೇಳೆಯನ್ನು ಹೋಲಿಸಿ, ಸೋರ್ಸ್ ಹೊಸದಾಗಿದ್ದರೆ ಮಾತ್ರ ಕಂಪೈಲರ್‌ಗೆ ಕೆಲಸ ಕೊಡುತ್ತಿತ್ತು. ಸೋರ್ಸ್ ಮತ್ತು ಅದರಿಂದ ಹುಟ್ಟುವ ಆಬ್ಜೆಕ್ಟ್ ಫೈಲು ಅಕ್ಕಪಕ್ಕದಲ್ಲೇ ಇರುತ್ತವೆ ಎಂಬುದು ಅದರ ಸಹಜ ಬಳಕೆಯಾಗಿತ್ತು. ಒಂದು ಕೇಂದ್ರದಲ್ಲಿ ಒಂದೇ ಯಂತ್ರ, ಅದಕ್ಕೆ ಒಂದೇ ವ್ಯವಸ್ಥೆ ಇರುವಷ್ಟು ಕಾಲ ಇದರಿಂದ ತೊಂದರೆಯೂ ಆಗಲಿಲ್ಲ.

ಮೊದಲು ಬೇರ್ಪಟ್ಟದ್ದು ಕರ್ನಲ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ 1983ರಲ್ಲಿ ಹೊರಬಂದ ಯುನಿಕ್ಸ್ ಆವೃತ್ತಿಯಾದ 4.2ಬಿಎಸ್‌ಡಿಯಲ್ಲಿ ಕಾನ್ಫಿಗ್ ಎಂಬ ಪ್ರೋಗ್ರಾಂ ಇತ್ತು. ಯಂತ್ರದಲ್ಲಿರುವ ಸಾಧನಗಳನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿಕೊಟ್ಟರೆ, ಕಾನ್ಫಿಗ್ ಆ ಪಟ್ಟಿಯ ಹೆಸರಿನದೇ ಒಂದು ಡೈರೆಕ್ಟರಿಯಲ್ಲಿ ಮೇಕ್‌ಫೈಲನ್ನೂ ಸಾಧನಗಳ ಹೆಡರ್‌ಗಳನ್ನೂ ಬರೆದಿಡುತ್ತಿತ್ತು. ಆಬ್ಜೆಕ್ಟ್ ಫೈಲುಗಳು ಅದರೊಳಗೇ ಹುಟ್ಟುತ್ತಿದ್ದವು. ಒಂದೇ ಸೋರ್ಸ್‌ನಿಂದ ಎರಡು ಬಗೆಯ ವ್ಯಾಕ್ಸ್ ಯಂತ್ರಗಳಿಗೆ ಎರಡು ಕರ್ನಲ್ ಬೇಕಾದರೆ ಎರಡು ಡೈರೆಕ್ಟರಿ ಸಾಕಾಗುತ್ತಿತ್ತು. ಇಂದಿನ ಓಪನ್‌ಬಿಎಸ್‌ಡಿಯ ಕರ್ನಲ್ ಸೋರ್ಸ್‌ನಲ್ಲಿ ಪ್ರತಿ ಪ್ರೊಸೆಸರ್‌ನ ಕೆಳಗೆ ಕಾಣುವ ‘ಕಂಪೈಲ್’ ಡೈರೆಕ್ಟರಿ, ಅದರೊಳಗಿನ ‘ಜೆನೆರಿಕ್’ ಡೈರೆಕ್ಟರಿ ಈ ಏರ್ಪಾಡಿನ ನೇರ ವಾರಸುದಾರರು.

ಉಳಿದ ಪ್ರೋಗ್ರಾಂಗಳಿಗೂ ಇದು ಹಬ್ಬಲು ನೆಟ್‌ವರ್ಕ್ ಕಾರಣವಾಯಿತು. 1980ರ ದಶಕದಲ್ಲಿ ಒಂದೇ ಸಂಸ್ಥೆಯೊಳಗೆ ಬೇರೆ ಬೇರೆ ಪ್ರೊಸೆಸರ್‌ಗಳ ವರ್ಕ್‌ಸ್ಟೇಷನ್‌ಗಳು ಬಂದು ಕುಳಿತವು. ಎಂಐಟಿಯ ಅಥೆನಾ ಯೋಜನೆಯಲ್ಲಿ ವ್ಯಾಕ್ಸ್ ಮತ್ತು ಐಬಿಎಂ ಆರ್‌ಟಿ ಯಂತ್ರಗಳು ಜೊತೆಜೊತೆಗೇ ಇದ್ದವು. ಸೋರ್ಸ್ ಒಂದು ಸರ್ವರ್‌ನಲ್ಲಿ, ಅದನ್ನು ಓದುವ ಯಂತ್ರಗಳು ಹಲವು. ಒಂದು ಯಂತ್ರ ಬಿಟ್ಟುಹೋದ ಆಬ್ಜೆಕ್ಟ್ ಫೈಲು ಇನ್ನೊಂದಕ್ಕೆ ಕಸ. ಅಲ್ಲೇ ಬೆಳೆದ ಎಕ್ಸ್ ವಿಂಡೋ ವ್ಯವಸ್ಥೆಯೊಡನೆ ಎಲ್‌ಎನ್‌ಡಿರ್ ಎಂಬ ಚಿಕ್ಕ ಉಪಕರಣ ಬಂತು. ಅದು ಸೋರ್ಸ್‌ನ ಡೈರೆಕ್ಟರಿಗಳನ್ನೆಲ್ಲ ಬೇರೆ ಕಡೆ ಹೊಸದಾಗಿ ಕಟ್ಟಿ, ಅವುಗಳೊಳಗೆ ಮೂಲ ಫೈಲುಗಳ ಬದಲು ಸಿಂಬಾಲಿಕ್ ಲಿಂಕ್‌ಗಳನ್ನು ತುಂಬುತ್ತಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಗ್ಲೆನ್ ಫೌಲರ್ 1985ರಲ್ಲಿ ಪರಿಚಯಿಸಿದ ಎನ್‌ಮೇಕ್ ಬೇರೆ ದಾರಿ ಹಿಡಿಯಿತು. ಬೇಕಾದ ಫೈಲು ಇಲ್ಲಿ ಇಲ್ಲದಿದ್ದರೆ ಗೊತ್ತುಮಾಡಿದ ಇತರ ಡೈರೆಕ್ಟರಿಗಳಲ್ಲಿ ಸಾಲಾಗಿ ಹುಡುಕುವುದು ಅದರ ರೀತಿ. ಗ್ನೂ ಮೇಕ್‌ನಲ್ಲಿ ಇಂದಿಗೂ ಇರುವ ‘ವಿಪಾಥ್’ ಎಂಬ ಚರ ಇದೇ ಕೆಲಸ ಮಾಡುತ್ತದೆ.

ಬರ್ಕ್ಲಿಯಲ್ಲೇ ಆಡಂ ಡಿ ಬೂರ್ ಬರೆದ ಪಿಮೇಕ್ ಮುಂದೆ ಬಿಎಸ್‌ಡಿಗಳ ಮೇಕ್ ಆಯಿತು. ಪ್ರತ್ಯೇಕ ಡೈರೆಕ್ಟರಿ ಎಂಬ ಕಲ್ಪನೆ ಇದರೊಳಗೇ ಸೇರಿಕೊಂಡಿತ್ತು ಎಂಬುದು ಗಮನಿಸಬೇಕಾದ ಸಂಗತಿ. ‘ಈಗಿನ ಡೈರೆಕ್ಟರಿ’ ಮತ್ತು ‘ಆಬ್ಜೆಕ್ಟ್ ಡೈರೆಕ್ಟರಿ’ ಎಂಬ ಎರಡು ಚರಗಳನ್ನು ಅದು ಬೇರೆಯಾಗಿ ಇಟ್ಟುಕೊಂಡಿತು. ಹೀಗಾಗಿ ‘/ಯುಎಸ್‌ಆರ್/ಎಸ್‌ಆರ್‌ಸಿ’ಯಲ್ಲಿ ಸೋರ್ಸ್, ‘/ಯುಎಸ್‌ಆರ್/ಒಬಿಜೆ’ಯಲ್ಲಿ ಉತ್ಪನ್ನ ಎಂಬುದು 1990ರ ದಶಕದಲ್ಲಿ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರಕ್ಕೂ ಸಾಮಾನ್ಯ ಪದ್ಧತಿಯಾಯಿತು. ಅದೇ ದಶಕದ ಆರಂಭದಲ್ಲಿ, 1991ರಲ್ಲಿ, ಡೇವಿಡ್ ಮೆಕೆಂಝಿ ಆಟೊಕಾನ್ಫ್ ಬರೆದರು. ಅದರಿಂದ ತಯಾರಾದ ‘ಕಾನ್ಫಿಗರ್’ ಸ್ಕ್ರಿಪ್ಟನ್ನು ಯಾವ ಖಾಲಿ ಡೈರೆಕ್ಟರಿಯಿಂದ ಕರೆದರೂ ಬಿಲ್ಡ್ ಆ ಡೈರೆಕ್ಟರಿಯಲ್ಲೇ ನಡೆಯುತ್ತದೆ. ಜಿಸಿಸಿ ಕಂಪೈಲರ್‌ನ ಕೈಪಿಡಿ ಈ ರೀತಿಯ ಬಿಲ್ಡನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಗ್ನೂ ಸಿ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದಿದೆ: ಸೋರ್ಸ್ ಡೈರೆಕ್ಟರಿಯೊಳಗೇ ಸಂರಚಿಸಲು ಹೋದರೆ ಅದು ಒಪ್ಪದೆ ನಿಂತುಬಿಡುತ್ತದೆ.

ಲಿನಕ್ಸ್ ಕರ್ನಲ್ ಈ ವಿಷಯದಲ್ಲಿ ತಡವಾಗಿ ಬಂದದ್ದು. 1991ರಿಂದ 2.4 ಸರಣಿ ಮುಗಿಯುವವರೆಗೂ ಆಬ್ಜೆಕ್ಟ್ ಫೈಲುಗಳು ಸೋರ್ಸ್‌ನ ಮಗ್ಗುಲಲ್ಲೇ ಹುಟ್ಟುತ್ತಿದ್ದವು. ಎರಡು ಸಂರಚನೆ ಬೇಕಾದವರು ಇಡೀ ಸೋರ್ಸನ್ನು ಹಾರ್ಡ್ ಲಿಂಕ್‌ಗಳಿಂದ ನಕಲು ಮಾಡಿಕೊಳ್ಳುತ್ತಿದ್ದರು. ಡಿಸ್ಕಿನ ಜಾಗವೇನೋ ಉಳಿಯುತ್ತಿತ್ತು. ಆದರೆ ಎಡಿಟರ್ ಹಳೆಯ ಫೈಲಿನ ಮೇಲೆಯೇ ಬರೆಯುವ ಜಾತಿಯದಾಗಿದ್ದರೆ ಒಂದು ನಕಲಿನಲ್ಲಿ ಮಾಡಿದ ತಿದ್ದುಪಡಿ ಎಲ್ಲ ನಕಲುಗಳಲ್ಲೂ ಕಾಣಿಸಿಕೊಳ್ಳುತ್ತಿತ್ತು. ಕರ್ನಲ್‌ನ ಬಿಲ್ಡ್ ವ್ಯವಸ್ಥೆಯಾದ ಕೆಬಿಲ್ಡ್ ಅನ್ನು ಆಗ ನೋಡಿಕೊಳ್ಳುತ್ತಿದ್ದ ಸ್ಯಾಮ್ ರಾವ್ನ್‌ಬೋರ್ಗ್ ಅವರ ಕೆಲಸದಿಂದ 2.6 ಸರಣಿಯಲ್ಲಿ ಪ್ರತ್ಯೇಕ ಡೈರೆಕ್ಟರಿಯ ಸೌಲಭ್ಯ ಬಂತು. 2.6.0 ಬಿಡುಗಡೆಯಾದದ್ದು 2003ರ ಡಿಸೆಂಬರ್‌ನಲ್ಲಿ.

ರಚನೆ

ಬಿಲ್ಡ್ ಡೈರೆಕ್ಟರಿಯ ಒಳವಿನ್ಯಾಸ ಸಾಮಾನ್ಯವಾಗಿ ಸೋರ್ಸ್ ಡೈರೆಕ್ಟರಿಯ ಪ್ರತಿರೂಪ. ಲಿನಕ್ಸ್‌ನಲ್ಲಿ ‘ಕರ್ನಲ್/ಫೋರ್ಕ್.ಸಿ’ ಎಂಬ ಸೋರ್ಸ್ ಫೈಲಿಗೆ ಬಿಲ್ಡ್ ಡೈರೆಕ್ಟರಿಯಲ್ಲಿ ‘ಕರ್ನಲ್/ಫೋರ್ಕ್.ಓ’ ಎಂಬ ಆಬ್ಜೆಕ್ಟ್ ಫೈಲು ಸಿಗುತ್ತದೆ. ಅದರ ಪಕ್ಕದಲ್ಲಿ ಚುಕ್ಕೆಯಿಂದ ಶುರುವಾಗುವ, ‘ಸಿಎಂಡಿ’ ಎಂದು ಕೊನೆಯಾಗುವ ಮರೆಫೈಲೊಂದು ಇರುತ್ತದೆ. ಅದರಲ್ಲಿರುವುದು ಆ ಆಬ್ಜೆಕ್ಟನ್ನು ತಯಾರಿಸಿದ ಕಂಪೈಲರ್ ಆದೇಶದ ಪೂರ್ಣಪಾಠ ಮತ್ತು ಅದು ಓದಿದ ಹೆಡರ್‌ಗಳ ಪಟ್ಟಿ. ಮುಂದಿನ ಸಲ ಆದೇಶದಲ್ಲಿ ಒಂದು ಆಯ್ಕೆ ಬದಲಾಗಿದ್ದರೂ ಸಾಕು, ಸೋರ್ಸ್ ಬದಲಾಗದಿದ್ದರೂ ಫೈಲು ಮತ್ತೆ ಕಂಪೈಲ್ ಆಗುತ್ತದೆ.

ಇದೇ ಡೈರೆಕ್ಟರಿಯ ಮೇಲ್ಮಟ್ಟದಲ್ಲಿ ‘.ಕಾನ್ಫಿಗ್’ ಎಂಬ ಸಂರಚನೆಯ ಫೈಲು, ಲಿಂಕ್ ಆದ ಇಡೀ ಕರ್ನಲ್ ಆಗಿರುವ ‘ವಿಎಂಲಿನಕ್ಸ್’, ಅದರ ಚಿಹ್ನೆಗಳ ವಿಳಾಸ ಕೊಡುವ ‘ಸಿಸ್ಟಂ.ಮ್ಯಾಪ್’, ಮಾಡ್ಯೂಲ್‌ಗಳಿಗೆ ಬೇಕಾದ ‘ಮಾಡ್ಯೂಲ್.ಸಿಮ್‌ವರ್ಸ್’ ಇರುತ್ತವೆ. ತಯಾರಾದ ಹೆಡರ್‌ಗಳು ‘ಇನ್‌ಕ್ಲೂಡ್/ಜನರೇಟೆಡ್’ನಲ್ಲಿ ಇರುತ್ತವೆ. ಎಕ್ಸ್86 ಯಂತ್ರಗಳಲ್ಲಿ ಬೂಟ್‌ಲೋಡರ್‌ಗೆ ಕೊಡುವ ‘ಬಿಝಡ್‌ಇಮೇಜ್’ ಫೈಲು ‘ಆರ್ಚ್/ಎಕ್ಸ್86/ಬೂಟ್’ ಒಳಗೆ ಸಿಗುತ್ತದೆ. ಸೋರ್ಸ್ ಎಲ್ಲಿದೆ ಎಂದು ತೋರಿಸುವ ‘ಸೋರ್ಸ್’ ಎಂಬ ಸಿಂಬಾಲಿಕ್ ಲಿಂಕ್ ಮತ್ತು ಕೆಲವೇ ಸಾಲುಗಳ ಒಂದು ಮೇಕ್‌ಫೈಲು ಸಹ ಅಲ್ಲಿರುತ್ತವೆ. ಈ ಪುಟ್ಟ ಮೇಕ್‌ಫೈಲಿನಿಂದಾಗಿ, ಮೊದಲ ಸಲದ ನಂತರ ಬಿಲ್ಡ್ ಡೈರೆಕ್ಟರಿಯೊಳಗೇ ನಿಂತು ನೇರವಾಗಿ ‘ಮೇಕ್’ ಎಂದರೆ ಸಾಕಾಗುತ್ತದೆ.

ಫ್ರೀಬಿಎಸ್‌ಡಿಯಲ್ಲಿ ಡೈರೆಕ್ಟರಿಯ ಹೆಸರು ನಿರ್ಧಾರವಾಗುವ ರೀತಿ ಬೇರೆ. ಸೋರ್ಸ್‌ನ ಪೂರ್ಣ ಪಥವನ್ನು ‘/ಯುಎಸ್‌ಆರ್/ಒಬಿಜೆ’ಯ ಮುಂದಕ್ಕೆ ಜೋಡಿಸಲಾಗುತ್ತದೆ. ‘/ಯುಎಸ್‌ಆರ್/ಎಸ್‌ಆರ್‌ಸಿ’ಯ ಉತ್ಪನ್ನ ‘/ಯುಎಸ್‌ಆರ್/ಒಬಿಜೆ/ಯುಎಸ್‌ಆರ್/ಎಸ್‌ಆರ್‌ಸಿ’ಯ ಕೆಳಗೆ ಬರುತ್ತದೆ, ಮನೆಡೈರೆಕ್ಟರಿಯಲ್ಲಿರುವ ಇನ್ನೊಂದು ಸೋರ್ಸ್ ಪ್ರತಿಯ ಉತ್ಪನ್ನ ಅದರದೇ ಪಥದ ಕೆಳಗೆ. ಹೆಸರು ಉದ್ದವಾಗುತ್ತದೆ ನಿಜ, ಆದರೆ ಎರಡು ಸೋರ್ಸ್ ಪ್ರತಿಗಳು ಎಂದೂ ಒಂದರ ಮೇಲೊಂದು ಬೀಳುವುದಿಲ್ಲ. ಇದಕ್ಕೆ ಟಾರ್ಗೆಟ್‌ನ ಹೆಸರೂ ಸೇರುತ್ತದೆ. ಸಾಮಾನ್ಯ 64 ಬಿಟ್ ಪಿಸಿಗೆ ತಯಾರಾದದ್ದು ‘ಎಎಂಡಿ64.ಎಎಂಡಿ64’ ಎಂಬ ಉಪಡೈರೆಕ್ಟರಿಗೆ ಹೋಗುತ್ತದೆ.

ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ಬಿಲ್ಡ್ ಮಾಡುವಾಗ ಆಬ್ಜೆಕ್ಟ್ ಫೈಲುಗಳಿಗೆ ಜಾಗ ಕೊಟ್ಟರೆ ಮಾತ್ರ ಸಾಲದು. ಫ್ರೀಬಿಎಸ್‌ಡಿಯ ‘ಬಿಲ್ಡ್‌ವರ್ಲ್ಡ್’ ಹಂತದಲ್ಲಿ ಮೊದಲು ಹೋಸ್ಟ್‌ನಲ್ಲಿ ಓಡುವ ಉಪಕರಣಗಳು ತಯಾರಾಗುತ್ತವೆ, ಆಮೇಲೆ ಕಂಪೈಲರ್. ಹೊಸ ಹೆಡರ್‌ಗಳು ಮತ್ತು ಲೈಬ್ರರಿಗಳು ಬಿಲ್ಡ್ ಡೈರೆಕ್ಟರಿಯೊಳಗಿನ ‘ಟೆಂಪ್’ ಎಂಬ ಜಾಗದಲ್ಲಿ ತಾತ್ಕಾಲಿಕವಾಗಿ ನೆಲೆಗೊಳ್ಳುತ್ತವೆ. ಉಳಿದ ಪ್ರೋಗ್ರಾಂಗಳೆಲ್ಲ ಅವನ್ನು ನೋಡಿಯೇ ಕಂಪೈಲ್ ಆಗುತ್ತವೆ. ಆಗ ಓಡುತ್ತಿರುವ ಹಳೆಯ ವ್ಯವಸ್ಥೆಯ ಹೆಡರ್‌ಗಳ ಗೊಡವೆಗೆ ಹೋಗುವುದಿಲ್ಲ. ಹೊಸ ಆವೃತ್ತಿಯನ್ನು ಹಳೆಯ ಆವೃತ್ತಿಯ ಮೇಲೆ ನಿಂತು ಕಟ್ಟಲು ಸಾಧ್ಯವಾಗುವುದು ಈ ಏರ್ಪಾಡಿನಿಂದ.

ಈ ಜಾಗಗಳನ್ನು ಅತ್ಯಂತ ಸ್ಪಷ್ಟವಾಗಿ ಬೇರೆಮಾಡಿ ಹೆಸರಿಟ್ಟಿರುವುದು ನೆಟ್‌ಬಿಎಸ್‌ಡಿ. ಅದರ ‘ಬಿಲ್ಡ್.ಎಸ್‌ಎಚ್’ ಸ್ಕ್ರಿಪ್ಟ್‌ಗೆ ನಾಲ್ಕು ಡೈರೆಕ್ಟರಿಗಳನ್ನು ಹೇಳಬಹುದು: ಆಬ್ಜೆಕ್ಟ್ ಫೈಲುಗಳಿಗೆ ಒಂದು, ಹೋಸ್ಟ್‌ನಲ್ಲಿ ಓಡುವ ಕಂಪೈಲರ್ ಮತ್ತು ಇತರ ಉಪಕರಣಗಳಿಗೆ ಒಂದು, ಟಾರ್ಗೆಟ್‌ನ ಫೈಲುವ್ಯವಸ್ಥೆಯ ಮಾದರಿಗೆ ಒಂದು, ಬಿಡುಗಡೆಗೆ ಸಿದ್ಧವಾದ ಕಟ್ಟುಗಳಿಗೆ ಒಂದು. ಆಬ್ಜೆಕ್ಟ್ ಡೈರೆಕ್ಟರಿಯನ್ನು ಅಳಿಸಿದರೂ ಉಪಕರಣಗಳು ಉಳಿಯುತ್ತವೆ, ಮುಂದಿನ ಬಿಲ್ಡ್‌ಗೆ ಕಂಪೈಲರನ್ನು ಮತ್ತೆ ಕಟ್ಟಬೇಕಾಗುವುದಿಲ್ಲ. 2002ರ ನೆಟ್‌ಬಿಎಸ್‌ಡಿ 1.6ರಿಂದ ಬಳಕೆಯಲ್ಲಿರುವ ಈ ಸ್ಕ್ರಿಪ್ಟ್ ಲಿನಕ್ಸ್ ಅಥವಾ ಮ್ಯಾಕ್‌ಓಎಸ್ ಯಂತ್ರದಲ್ಲಿ ಕುಳಿತು 50ಕ್ಕೂ ಹೆಚ್ಚು ಬಗೆಯ ಯಂತ್ರಗಳಿಗೆ ನೆಟ್‌ಬಿಎಸ್‌ಡಿಯನ್ನು ಕಟ್ಟಿಕೊಡಬಲ್ಲದು. ಅದಕ್ಕೆ ರೂಟ್ ಅಧಿಕಾರವೂ ಬೇಕಿಲ್ಲ. ಯಾವ ಫೈಲಿನ ಒಡೆತನ ಯಾರದು, ಅನುಮತಿ ಏನು ಎಂಬುದನ್ನು ನಿಜವಾಗಿ ಜಾರಿಮಾಡದೆ ‘ಮೆಟಲಾಗ್’ ಎಂಬ ಫೈಲಿನಲ್ಲಿ ಬರೆದಿಟ್ಟು, ಇಮೇಜ್ ತಯಾರಿಸುವಾಗ ಅದನ್ನು ನೋಡಿಕೊಳ್ಳುತ್ತದೆ.

ಕೆಲಸ ಮಾಡುವ ಬಗೆ

ಪ್ರತ್ಯೇಕ ಬಿಲ್ಡ್‌ಗೆ ಎರಡು ಹುಡುಕಾಟಗಳು ಸರಿಯಾಗಿ ನಡೆಯಬೇಕು. ಮೇಕ್‌ಗೆ ಸೋರ್ಸ್ ಫೈಲು ಸಿಗಬೇಕು, ಕಂಪೈಲರ್‌ಗೆ ಹೆಡರ್ ಸಿಗಬೇಕು.

ಲಿನಕ್ಸ್‌ನಲ್ಲಿ ಸೋರ್ಸ್ ಡೈರೆಕ್ಟರಿಯೊಳಗೆ ನಿಂತು ‘ಮೇಕ್ ಓ=’ ಎಂದು ಬರೆದು ಮುಂದೆ ಬಿಲ್ಡ್ ಡೈರೆಕ್ಟರಿಯ ಪಥ ಕೊಡುತ್ತಾರೆ. ‘ಕೆಬಿಲ್ಡ್_ಔಟ್‌ಪುಟ್’ ಎಂಬ ಪರಿಸರ ಚರದಲ್ಲಿ ಹೇಳಿದರೂ ನಡೆಯುತ್ತದೆ. ಎರಡನ್ನೂ ಕೊಟ್ಟಿದ್ದರೆ ಆದೇಶದಲ್ಲಿ ಬರೆದದ್ದೇ ಗೆಲ್ಲುತ್ತದೆ. ಮೇಲ್ಮಟ್ಟದ ಮೇಕ್‌ಫೈಲು ಇದನ್ನು ಕಂಡೊಡನೆ ಆ ಡೈರೆಕ್ಟರಿಯನ್ನು ಸೃಷ್ಟಿಸಿ, ಅದರೊಳಗೆ ಹೋಗಿ, ತನ್ನನ್ನೇ ಮತ್ತೊಮ್ಮೆ ಓಡಿಸುತ್ತದೆ. ಅಲ್ಲಿಂದ ಮುಂದೆ ಈಗಿನ ಡೈರೆಕ್ಟರಿ ಎಂದರೆ ಬಿಲ್ಡ್ ಡೈರೆಕ್ಟರಿಯೇ. ಸೋರ್ಸ್‌ನ ಬೇರಿಗೆ ‘ಎಸ್‌ಆರ್‌ಸಿಟ್ರೀ’, ಉತ್ಪನ್ನದ ಬೇರಿಗೆ ‘ಒಬಿಜೆಟ್ರೀ’ ಎಂಬ ಚರಗಳಿವೆ. ಕರ್ನಲ್‌ನ ಯಾವುದೇ ಮೂಲೆಯಲ್ಲಿ ಮೇಕ್‌ಫೈಲು ಬರೆಯುವವರು ಇವೆರಡರ ವ್ಯತ್ಯಾಸವನ್ನು ಮರೆಯುವಂತಿಲ್ಲ. ಮರೆತರೆ ಸೋರ್ಸ್‌ನೊಳಗಿನ ಬಿಲ್ಡ್ ಸರಿಯಾಗಿಯೇ ಓಡುತ್ತದೆ, ಪ್ರತ್ಯೇಕ ಬಿಲ್ಡ್ ಮಾತ್ರ ಮುರಿಯುತ್ತದೆ.

ಹೆಡರ್‌ಗಳ ವಿಷಯ ಇನ್ನೂ ಸೂಕ್ಷ್ಮ. ಬರೆದ ಹೆಡರ್‌ಗಳು ಸೋರ್ಸ್‌ನಲ್ಲಿ, ತಯಾರಾದ ಹೆಡರ್‌ಗಳು ಬಿಲ್ಡ್ ಡೈರೆಕ್ಟರಿಯಲ್ಲಿ ಇರುವುದರಿಂದ ಕಂಪೈಲರ್‌ಗೆ ಎರಡೂ ಪಥಗಳನ್ನು ಕೊಡಬೇಕು. ಆದರೆ ಉದ್ಧರಣ ಚಿಹ್ನೆಯೊಳಗೆ ಹೆಸರಿಸಿದ ಹೆಡರನ್ನು ಸಿ ಕಂಪೈಲರ್ ಮೊದಲು ಹುಡುಕುವುದು ಅದನ್ನು ಕರೆಯುವ ಫೈಲು ಇರುವ ಡೈರೆಕ್ಟರಿಯಲ್ಲಿ, ಅಂದರೆ ಸೋರ್ಸ್‌ನಲ್ಲಿ. ಹಿಂದೊಮ್ಮೆ ಯಾರೋ ಸೋರ್ಸ್‌ನೊಳಗೇ ಬಿಲ್ಡ್ ಮಾಡಿ, ಆಗ ತಯಾರಾದ ಹೆಡರ್ ಅಲ್ಲೇ ಉಳಿದಿದೆ ಎಂದುಕೊಳ್ಳಿ. ಈಗ ಬೇರೆ ಸಂರಚನೆಯಿಂದ ಪ್ರತ್ಯೇಕ ಬಿಲ್ಡ್ ಶುರುಮಾಡಿದರೆ ಕಂಪೈಲರ್ ಬಿಲ್ಡ್ ಡೈರೆಕ್ಟರಿಯ ಹೊಸ ಹೆಡರ್‌ವರೆಗೆ ಹೋಗುವುದೇ ಇಲ್ಲ, ಸೋರ್ಸ್‌ನಲ್ಲಿ ಬಿದ್ದಿರುವ ಹಳತನ್ನೇ ಎತ್ತಿಕೊಳ್ಳುತ್ತದೆ. ದೋಷಸಂದೇಶ ಬರದೆ ಬಿಲ್ಡ್ ಮುಗಿಯಬಹುದು, ಕರ್ನಲ್ ತಪ್ಪಾಗಿರುತ್ತದೆ. ವಿಪಾಥ್‌ನಿಂದಲೂ ಇದೇ ಅಪಾಯ: ಸೋರ್ಸ್‌ನಲ್ಲಿ ಹಳೆಯ ಆಬ್ಜೆಕ್ಟ್ ಫೈಲು ಇದ್ದರೆ, ಕೆಲಸ ಆಗಲೇ ಆಗಿದೆ ಎಂದು ಮೇಕ್ ಭಾವಿಸಬಹುದು.

ಈ ಕಾರಣದಿಂದಲೇ ಲಿನಕ್ಸ್ ಪ್ರತ್ಯೇಕ ಬಿಲ್ಡ್‌ಗೆ ಮುನ್ನ ಸೋರ್ಸ್ ಡೈರೆಕ್ಟರಿಯನ್ನು ಪರೀಕ್ಷಿಸುತ್ತದೆ. ಅಲ್ಲಿ ‘.ಕಾನ್ಫಿಗ್’ ಅಥವಾ ತಯಾರಾದ ಹೆಡರ್‌ಗಳ ಗುರುತು ಕಂಡರೆ, ಸೋರ್ಸ್ ಶುದ್ಧವಾಗಿಲ್ಲ, ಮೊದಲು ‘ಮೇಕ್ ಮಿಸ್ಟರ್‌ಪ್ರಾಪರ್’ ಓಡಿಸಿ ಎಂದು ಹೇಳಿ ನಿಲ್ಲುತ್ತದೆ. ಆಟೊಮೇಕ್ ಬಳಸುವ ಯೋಜನೆಗಳಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ‘ಡಿಸ್ಟ್‌ಕ್ಲೀನ್’ ಮಾಡಿ ಬನ್ನಿ ಎನ್ನುವುದೂ ಇದಕ್ಕಾಗಿಯೇ. ಮಿಸ್ಟರ್‌ಪ್ರಾಪರ್ ‘.ಕಾನ್ಫಿಗ್’ ಫೈಲನ್ನೂ ಅಳಿಸುತ್ತದೆ, ಆದ್ದರಿಂದ ಅದನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಬೇಕು.

ಬಿಎಸ್‌ಡಿ ಮೇಕ್‌ನ ಹುಡುಕಾಟ ಬೇರೆ ಕ್ರಮದಲ್ಲಿ ನಡೆಯುತ್ತದೆ. ಪರಿಸರ ಚರಗಳಲ್ಲಿ ಆಬ್ಜೆಕ್ಟ್ ಡೈರೆಕ್ಟರಿಯ ಹೆಸರಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಯಂತ್ರದ ಹೆಸರು ಹೊತ್ತ ‘ಒಬಿಜೆ’ ಉಪಡೈರೆಕ್ಟರಿ, ಅದೂ ಇಲ್ಲದಿದ್ದರೆ ಬರಿಯ ‘ಒಬಿಜೆ’, ಆಮೇಲೆ ‘/ಯುಎಸ್‌ಆರ್/ಒಬಿಜೆ’ಯ ಕೆಳಗಿನ ಪಥ. ಯಾವುದೂ ಇಲ್ಲದಿದ್ದರೆ ಮಾತ್ರ ಸೋರ್ಸ್ ಡೈರೆಕ್ಟರಿಯಲ್ಲೇ ಬರೆಯುತ್ತದೆ. ಹೀಗಾಗಿ ಮೊದಲಿಗೆ ‘ಮೇಕ್ ಒಬಿಜೆ’ ಎಂದು ಡೈರೆಕ್ಟರಿಗಳನ್ನು ಕಟ್ಟಿಸುವುದು ಓಪನ್‌ಬಿಎಸ್‌ಡಿಯಲ್ಲಿ ಈಗಲೂ ಬಿಲ್ಡ್‌ನ ಒಂದು ಹೆಜ್ಜೆ. ಫ್ರೀಬಿಎಸ್‌ಡಿ 12ರಿಂದ ಈ ಹೆಜ್ಜೆ ತಾನಾಗಿಯೇ ನಡೆಯುತ್ತದೆ.

ಬಗೆಗಳು

ಮೇಲೆ ಹೇಳಿದ ಬಿಎಸ್‌ಡಿ ಮತ್ತು ಲಿನಕ್ಸ್ ಮಾದರಿಗಳಲ್ಲಿ ಬಿಲ್ಡ್ ಡೈರೆಕ್ಟರಿ ಸೋರ್ಸ್‌ನಿಂದ ಪೂರ್ತಿ ಹೊರಗಿರಬಹುದು. ಇನ್ನೊಂದು ಮಾದರಿಯಲ್ಲಿ ಅದು ಸೋರ್ಸ್‌ನ ಬೇರುಕೋಶದ ಒಳಗಿರುವ, ಆದರೆ ಉತ್ಪನ್ನಗಳಿಗಷ್ಟೇ ಮೀಸಲಾದ ಒಂದು ಉಪಡೈರೆಕ್ಟರಿ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ‘ಔಟ್’. ಅದರೊಳಗೆ ಹೋಸ್ಟ್ ಉಪಕರಣಗಳು ಒಂದು ಕಡೆ, ಪ್ರತಿ ಫೋನ್ ಮಾದರಿಯ ಇಮೇಜ್‌ಗಳು ಇನ್ನೊಂದು ಕಡೆ ಇರುತ್ತವೆ. ‘ಔಟ್_ಡಿರ್’ ಚರದಿಂದ ಅದನ್ನು ಬೇರೆ ಡಿಸ್ಕಿಗೂ ಕಳಿಸಬಹುದು. ಆಂಡ್ರಾಯ್ಡ್‌ನ ಅಧಿಕೃತ ಸೂಚನೆಗಳ ಪ್ರಕಾರ ಸೋರ್ಸ್‌ಗೆ 250 ಗಿಗಾಬೈಟ್, ಬಿಲ್ಡ್‌ಗೆ 150 ಗಿಗಾಬೈಟ್, ಒಟ್ಟು 400 ಗಿಗಾಬೈಟ್ ಜಾಗ ಬೇಕು. ಈ ಗಾತ್ರದಲ್ಲಿ ಎರಡನ್ನೂ ಬೆರೆಸಿಟ್ಟರೆ ಬಿಡಿಸುವುದು ಅಸಾಧ್ಯ ಎನ್ನುವಷ್ಟು ಕಷ್ಟ. ಹೈಕು ವ್ಯವಸ್ಥೆಯ ‘ಜನರೇಟೆಡ್’, ಆಪಲ್‌ನ ಎಕ್ಸ್‌ಎನ್‌ಯು ಕರ್ನಲ್‌ನ ‘ಬಿಲ್ಡ್’, ರಿಯಾಕ್ಟ್‌ಓಎಸ್‌ನಲ್ಲಿ ಕಂಪೈಲರ್ ಮತ್ತು ಪ್ರೊಸೆಸರ್ ಎರಡರ ಹೆಸರನ್ನೂ ಹೊತ್ತ ‘ಔಟ್‌ಪುಟ್’ ಡೈರೆಕ್ಟರಿ ಇದೇ ಗುಂಪಿನವು.

ಎಂಬೆಡೆಡ್ ಸಾಧನಗಳಿಗೆ ಲಿನಕ್ಸ್ ಕಟ್ಟುವ ವ್ಯವಸ್ಥೆಗಳು ನೂರಾರು ಯೋಜನೆಗಳ ಸೋರ್ಸನ್ನು ಒಟ್ಟಿಗೆ ನಿಭಾಯಿಸಬೇಕಾಗುತ್ತದೆ. ಬಿಲ್ಡ್‌ರೂಟ್ ತನ್ನ ‘ಔಟ್‌ಪುಟ್’ ಡೈರೆಕ್ಟರಿಯನ್ನು ಬಿಲ್ಡ್, ಹೋಸ್ಟ್, ಟಾರ್ಗೆಟ್, ಇಮೇಜಸ್ ಎಂದು ವಿಭಾಗಿಸುತ್ತದೆ. ಯೋಕ್ಟೊ ಪ್ರತಿ ಪ್ಯಾಕೇಜಿಗೂ ಸೋರ್ಸ್, ಬಿಲ್ಡ್, ಸ್ಥಾಪನೆ ಎಂಬ ಮೂರು ಡೈರೆಕ್ಟರಿಗಳನ್ನು ಕ್ರಮವಾಗಿ ಎಸ್, ಬಿ, ಡಿ ಎಂಬ ಒಂದಕ್ಷರದ ಚರಗಳಲ್ಲಿ ಇಟ್ಟುಕೊಳ್ಳುತ್ತದೆ. ಇಳಿಸಿಕೊಂಡ ಸೋರ್ಸ್ ಕಟ್ಟುಗಳಿಗೂ ಹಿಂದಿನ ಬಿಲ್ಡ್‌ಗಳ ಮರುಬಳಕೆಯ ಉತ್ಪನ್ನಗಳಿಗೂ ಅದರಲ್ಲಿ ಬೇರೆಯೇ ಡೈರೆಕ್ಟರಿಗಳಿವೆ. ‘ಟೆಂಪ್’ ಡೈರೆಕ್ಟರಿಯನ್ನು ಪೂರ್ತಿ ಅಳಿಸಿದರೂ ಇವೆರಡು ಉಳಿದಿದ್ದರೆ ಮುಂದಿನ ಬಿಲ್ಡ್ ಬೇಗ ಮುಗಿಯುತ್ತದೆ.

ಪ್ರತಿ ಸೋರ್ಸ್ ಉಪಡೈರೆಕ್ಟರಿಯ ಒಳಗೂ ಉತ್ಪನ್ನಕ್ಕೊಂದು ಚಿಕ್ಕ ಡೈರೆಕ್ಟರಿ ಇಡುವುದು ಮತ್ತೊಂದು ಬಗೆ. ವಿಂಡೋಸ್ ಎನ್‌ಟಿಯ ಬಿಲ್ಡ್ ಉಪಕರಣ ‘ಒಬಿಜೆ’ಯ ಕೆಳಗೆ ಪ್ರೊಸೆಸರ್‌ನ ಹೆಸರಿನ ಡೈರೆಕ್ಟರಿ ಮಾಡುತ್ತಿತ್ತು. ಇಲ್ಯೂಮೋಸ್ ಕರ್ನಲ್‌ನಲ್ಲಿ ‘ಡಿಬಗ್64’, ‘ಒಬಿಜೆ64’ ಎಂಬ ಡೈರೆಕ್ಟರಿಗಳು ಸಿಗುತ್ತವೆ. ಸ್ಥಾಪನೆಗೆ ಸಿದ್ಧವಾದ ಫೈಲುಗಳು ಮಾತ್ರ ‘ಪ್ರೋಟೊ’ ಎಂಬ ಬೇರೆ ಜಾಗಕ್ಕೆ ಹೋಗುತ್ತವೆ. ಸಂರಚನೆಗಳು ಒಂದರೊಡನೊಂದು ಬೆರೆಯುವುದಿಲ್ಲ, ಆದರೆ ಸೋರ್ಸ್‌ಗೆ ಬರೆಯಬಾರದು ಎಂಬ ನಿಯಮ ಇಲ್ಲಿ ಪಾಲನೆಯಾಗುವುದಿಲ್ಲ.

ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಡೈರೆಕ್ಟರಿಯನ್ನೇ ಬೇರೆ ಮಾಡದೆ ಸಮಸ್ಯೆಯ ಒಂದು ಭಾಗವನ್ನು ಬಿಡಿಸಿತು. ಅಲ್ಲಿ ಪ್ರತಿ ಪ್ರೊಸೆಸರ್‌ಗೆ ಒಂದು ಅಕ್ಷರ ಅಥವಾ ಅಂಕಿ ಇದೆ: 32 ಬಿಟ್ ಎಕ್ಸ್86ಗೆ 8, ಆರ್ಮ್‌ಗೆ 5. ಆಬ್ಜೆಕ್ಟ್ ಫೈಲಿನ ಹೆಸರು ಅದರಿಂದಲೇ ಕೊನೆಗೊಳ್ಳುತ್ತದೆ. ಒಂದೇ ಡೈರೆಕ್ಟರಿಯಲ್ಲಿ ಹಲವು ಪ್ರೊಸೆಸರ್‌ಗಳ ಆಬ್ಜೆಕ್ಟ್‌ಗಳು ಜಗಳವಿಲ್ಲದೆ ಇರುತ್ತವೆ. ಆದರೆ ಒಂದೇ ಪ್ರೊಸೆಸರ್‌ಗೆ ಎರಡು ಸಂರಚನೆ ಬೇಕಾದಾಗ ಈ ಉಪಾಯ ನೆರವಿಗೆ ಬರುವುದಿಲ್ಲ.

ಬಿಲ್ಡ್ ಉಪಕರಣಕ್ಕೆ ತಿಳಿಯದಂತೆ ಫೈಲುವ್ಯವಸ್ಥೆಯ ಮಟ್ಟದಲ್ಲೇ ಬೇರ್ಪಡಿಸುವ ದಾರಿಯೂ ಇದೆ. ಲಿನಕ್ಸ್ 3.18ರಲ್ಲಿ, ಅಂದರೆ 2014ರ ಡಿಸೆಂಬರ್‌ನಲ್ಲಿ, ಬಂದ ಓವರ್‌ಲೇಎಫ್‌ಎಸ್ ಓದಲು ಮಾತ್ರ ಅವಕಾಶವಿರುವ ಸೋರ್ಸ್‌ನ ಮೇಲೆ ಬರೆಯಬಲ್ಲ ಒಂದು ಪದರವನ್ನು ಹೊದಿಸುತ್ತದೆ. ಬಿಲ್ಡ್‌ಗೆ ಎರಡೂ ಒಂದೇ ಡೈರೆಕ್ಟರಿಯಂತೆ ಕಾಣುತ್ತವೆ, ಬರೆದದ್ದೆಲ್ಲ ಮೇಲಿನ ಪದರದಲ್ಲಿ ಉಳಿಯುತ್ತದೆ. ಪ್ರತ್ಯೇಕ ಬಿಲ್ಡ್‌ಗೆ ಒಗ್ಗದ ಹಳೆಯ ಯೋಜನೆಗಳಿಗೆ ಇದು ಅನುಕೂಲ.

ಉಪಯೋಗಗಳು

ಒಂದೇ ಸೋರ್ಸ್‌ನಿಂದ ಹಲವು ಸಂರಚನೆಗಳನ್ನು ಏಕಕಾಲದಲ್ಲಿ ಕಟ್ಟುವುದು ಮುಖ್ಯ ಉಪಯೋಗ. ಲಿನಕ್ಸ್‌ನ ‘ಆರ್ಚ್’ ಡೈರೆಕ್ಟರಿಯಲ್ಲಿ ಸುಮಾರು 20 ಪ್ರೊಸೆಸರ್ ಕುಟುಂಬಗಳಿವೆ. ಸಾಮಾನ್ಯ ಫೈಲೊಂದನ್ನು ತಿದ್ದಿದವರು ಎಕ್ಸ್86, ಆರ್ಮ್64, ರಿಸ್ಕ್‌ವಿ ಮೂರರಲ್ಲೂ ಅದು ಕಂಪೈಲ್ ಆಗುತ್ತದೆಯೇ ಎಂದು ನೋಡಬೇಕು. ಎಲ್ಲ ಆಯ್ಕೆಗಳೂ ಚಾಲೂ ಇರುವ ಸಂರಚನೆ, ಎಲ್ಲವೂ ಬಂದ್ ಇರುವ ಸಂರಚನೆ ಎರಡನ್ನೂ ಪರೀಕ್ಷಿಸಬೇಕು. ಒಂದೊಂದಕ್ಕೂ ಒಂದು ಬಿಲ್ಡ್ ಡೈರೆಕ್ಟರಿ ಇದ್ದರೆ ತಿದ್ದುಪಡಿಯ ನಂತರ ಬದಲಾದ ಫೈಲುಗಳಷ್ಟೇ ಮತ್ತೆ ಕಂಪೈಲ್ ಆಗುತ್ತವೆ. ಒಂದೇ ಡೈರೆಕ್ಟರಿಯಲ್ಲಿ ಸಂರಚನೆ ಬದಲಿಸುತ್ತ ಹೋದರೆ ಪ್ರತಿ ಸಲವೂ ಬಹುಪಾಲು ಕರ್ನಲ್ಲನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಸೋರ್ಸನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಡಬಹುದು. ಸಿಡಿಯಲ್ಲಿರುವ ಸೋರ್ಸ್, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಸೋರ್ಸ್, ಬೇರೆಯವರ ಖಾತೆಯಲ್ಲಿರುವ ಸೋರ್ಸ್ ಯಾವುದಾದರೂ ಸರಿ. ಇದರಿಂದ ಅನುಕೂಲವಷ್ಟೇ ಅಲ್ಲ, ಬಿಲ್ಡ್‌ನ ಪರೀಕ್ಷೆಯೂ ಆಗುತ್ತದೆ. ಯಾವುದೋ ಸ್ಕ್ರಿಪ್ಟ್ ಗುಟ್ಟಾಗಿ ಸೋರ್ಸ್‌ಗೆ ಬರೆಯುತ್ತಿದ್ದರೆ ಆ ಗಳಿಗೆಯಲ್ಲೇ ಅನುಮತಿ ಇಲ್ಲವೆಂಬ ದೋಷ ಬಂದು ಬಿಲ್ಡ್ ನಿಲ್ಲುತ್ತದೆ. ಆಟೊಮೇಕ್‌ನ ‘ಡಿಸ್ಟ್‌ಚೆಕ್’ ಗುರಿ ಇದನ್ನೇ ನಿಯಮವಾಗಿ ಮಾಡಿಕೊಂಡಿದೆ. ಬಿಡುಗಡೆಯ ಕಟ್ಟನ್ನು ಬಿಚ್ಚಿ, ಅದಕ್ಕೆ ಬರೆಯುವ ಅನುಮತಿಯನ್ನು ತೆಗೆದು, ಬೇರೆ ಡೈರೆಕ್ಟರಿಯಿಂದ ಪೂರ್ತಿ ಕಟ್ಟಿ ನೋಡುತ್ತದೆ.

ಭದ್ರತೆಯ ದೃಷ್ಟಿಯಿಂದ ಓಪನ್‌ಬಿಎಸ್‌ಡಿಯ ಕ್ರಮ ಉಲ್ಲೇಖಾರ್ಹ. ಅಲ್ಲಿ ‘/ಯುಎಸ್‌ಆರ್/ಒಬಿಜೆ’ಯ ಒಡೆತನ ‘ಬಿಲ್ಡ್’ ಎಂಬ ಬಳಕೆದಾರನದು. ಕಂಪೈಲರ್ ಆ ಬಳಕೆದಾರನ ಸೀಮಿತ ಅಧಿಕಾರದಲ್ಲಿ ಓಡುತ್ತದೆ. ರೂಟ್‌ನ ಕೈ ತಗಲುವುದು ಸ್ಥಾಪನೆಯ ಹಂತದಲ್ಲಿ ಮಾತ್ರ.

ಸ್ವಚ್ಛಗೊಳಿಸುವುದು ಸುಲಭ. ಡೈರೆಕ್ಟರಿಯನ್ನು ಅಳಿಸಿದರೆ ಮುಗಿಯಿತು, ಸೋರ್ಸ್‌ನ ಒಂದು ಫೈಲೂ ಅಳಿಯುವ ಭಯವಿಲ್ಲ. ಫ್ರೀಬಿಎಸ್‌ಡಿಯಲ್ಲಿ ಮಾತ್ರ ಒಂದು ತೊಡಕು ಎದುರಾಗಬಹುದು: ಕೆಲವು ಫೈಲುಗಳಿಗೆ ಅಳಿಸಬಾರದೆಂಬ ಗುರುತು ಅಂಟಿರುತ್ತದೆ. ಅದನ್ನು ‘ಸಿಎಚ್‌ಫ್ಲ್ಯಾಗ್ಸ್’ ಆದೇಶದಿಂದ ತೆಗೆದ ಮೇಲಷ್ಟೇ ಡೈರೆಕ್ಟರಿ ಪೂರ್ತಿ ಹೋಗುತ್ತದೆ. ಸೋರ್ಸನ್ನು ಬ್ಯಾಕಪ್ ಮಾಡಿ ಬಿಲ್ಡ್ ಡೈರೆಕ್ಟರಿಯನ್ನು ಬಿಡಬಹುದು. ಮೆಮೊರಿ ಸಾಕಷ್ಟಿದ್ದರೆ ಅದನ್ನು ಟೆಂಪ್‌ಎಫ್‌ಎಸ್‌ನಲ್ಲಿ, ಅಂದರೆ ಮೆಮೊರಿಯಲ್ಲೇ ಇಡಬಹುದು. ವೇಗದ ಒಂದು ಯಂತ್ರದಲ್ಲಿ ಕಟ್ಟಿ, ಸೋರ್ಸ್ ಮತ್ತು ಉತ್ಪನ್ನದ ಡೈರೆಕ್ಟರಿಗಳೆರಡನ್ನೂ ನೆಟ್‌ವರ್ಕ್ ಮೂಲಕ ಇತರ ಯಂತ್ರಗಳಿಗೆ ಜೋಡಿಸಿ, ಅಲ್ಲಿ ಸ್ಥಾಪನೆಯನ್ನಷ್ಟೇ ನಡೆಸುವ ಕ್ರಮವನ್ನು ಫ್ರೀಬಿಎಸ್‌ಡಿ ಕೈಪಿಡಿ ವಿವರಿಸುತ್ತದೆ. ಪಥಗಳು ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರಬೇಕೆಂಬುದು ಅದರ ಷರತ್ತು.

ಮಿತಿಗಳು

ಸೋರ್ಸ್ ಡೈರೆಕ್ಟರಿಯಲ್ಲಿ ನಿಂತು ಕೆಲಸ ಮಾಡುವವರು ಆದೇಶವನ್ನು ಪ್ರತಿ ಸಲವೂ ಒಂದೇ ರೀತಿ ಕೊಡಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಸಂರಚನೆಗೆ ‘ಓ=’ ಬಳಸಿದವರು ಕಂಪೈಲ್, ಮಾಡ್ಯೂಲ್ ಸ್ಥಾಪನೆ, ಕರ್ನಲ್ ಸ್ಥಾಪನೆ ಎಲ್ಲಕ್ಕೂ ಅದನ್ನೇ ಬಳಸಬೇಕು ಎಂದು ಕರ್ನಲ್‌ನ ದಾಖಲೆಯೇ ಎಚ್ಚರಿಸುತ್ತದೆ. ನಡುವೆ ಒಮ್ಮೆ ಮರೆತರೆ ಸೋರ್ಸ್‌ನೊಳಗೆ ಹೊಸ ಸಂರಚನೆ ಹುಟ್ಟಿಕೊಂಡು, ಮುಂದಿನ ಪ್ರತ್ಯೇಕ ಬಿಲ್ಡ್‌ಗೆ ಅಡ್ಡ ನಿಲ್ಲುತ್ತದೆ. ಪಥದಲ್ಲಿ ಖಾಲಿಜಾಗ ಅಥವಾ ಕೋಲನ್ ಇದ್ದರೆ ಕೆಬಿಲ್ಡ್ ಒಪ್ಪುವುದಿಲ್ಲ.

ಪಥಗಳು ಉತ್ಪನ್ನದೊಳಗೂ ಅಚ್ಚಾಗುತ್ತವೆ. ಸೋರ್ಸ್‌ನಿಂದ ದೂರದಲ್ಲಿ ಬಿಲ್ಡ್ ಮಾಡುವಾಗ ಕಂಪೈಲರ್‌ಗೆ ಹೋಗುವುದು ಫೈಲಿನ ಪೂರ್ಣ ಪಥ. ಅದು ಡಿಬಗ್ ಮಾಹಿತಿಯಲ್ಲಿಯೂ ಎಚ್ಚರಿಕೆಯ ಸಂದೇಶಗಳಲ್ಲಿಯೂ ಉಳಿದುಬಿಡುತ್ತದೆ. ಹೀಗಾದರೆ ಇಬ್ಬರು ಬೇರೆ ಬೇರೆ ಡೈರೆಕ್ಟರಿಗಳಲ್ಲಿ ಅದೇ ಸೋರ್ಸನ್ನು ಕಟ್ಟಿದಾಗ ಬೈಟ್‌ಗೆ ಬೈಟ್ ಹೊಂದುವ ಉತ್ಪನ್ನ ಸಿಗುವುದಿಲ್ಲ. ಪಥದ ಆದಿಭಾಗವನ್ನು ಬದಲಿಸಿ ಬರೆಯುವ ಆಯ್ಕೆಗಳನ್ನು ಕಂಪೈಲರ್‌ಗಳು ಕೊಡುವುದು ಇದಕ್ಕೆ ಪರಿಹಾರವಾಗಿ. ಡಿಬಗ್ ಮಾಹಿತಿಗೆ ಮಾತ್ರ ಅನ್ವಯಿಸುವ ಆಯ್ಕೆ ಮುಂಚೆಯೇ ಇತ್ತು. ಎಲ್ಲ ಪಥಗಳಿಗೂ ಅನ್ವಯಿಸುವ ಆಯ್ಕೆ ಜಿಸಿಸಿ 8ರಲ್ಲಿ ಬಂತು. ಬಿಲ್ಡ್ ನಡೆದ ವೇಳೆ, ಬಳಕೆದಾರ, ಯಂತ್ರದ ಹೆಸರುಗಳನ್ನು ಸ್ಥಿರವಾಗಿಡಲು ಲಿನಕ್ಸ್‌ನಲ್ಲಿ ಬೇರೆ ಚರಗಳಿವೆ. ನೆಟ್‌ಬಿಎಸ್‌ಡಿ ಯೋಜನೆ 2017ರಲ್ಲಿ ಎಎಂಡಿ64 ಮತ್ತು ಸ್ಪಾರ್ಕ್64 ಯಂತ್ರಗಳಿಗೆ ಪೂರ್ತಿ ಪುನರುತ್ಪಾದ್ಯ ಬಿಲ್ಡ್ ಸಾಧಿಸಿದ್ದಾಗಿ ಪ್ರಕಟಿಸಿತು.

ಇಂದಿನ ಸ್ಥಿತಿ

ಹೊಸ ಬಿಲ್ಡ್ ಉಪಕರಣಗಳಲ್ಲಿ ಪ್ರತ್ಯೇಕ ಡೈರೆಕ್ಟರಿ ಈಗ ಸಹಜಸ್ಥಿತಿ. ಮೆಸಾನ್ ಸೋರ್ಸ್‌ನೊಳಗಿನ ಬಿಲ್ಡನ್ನು ಬೆಂಬಲಿಸುವುದೇ ಇಲ್ಲ. ಸಿಮೇಕ್ ಎರಡಕ್ಕೂ ಬಿಡುತ್ತದೆ, ಆದರೆ ಅದರ ದಾಖಲೆ ಸೂಚಿಸುವುದು ಪ್ರತ್ಯೇಕ ಬಿಲ್ಡನ್ನು. ಗೂಗಲ್‌ನ ಫ್ಯೂಷಿಯಾ ಕಾರ್ಯಾಚರಣ ವ್ಯವಸ್ಥೆ ‘ಔಟ್’ ಡೈರೆಕ್ಟರಿಯನ್ನೇ ಬಳಸುತ್ತದೆ. ನಿಕ್ಸ್‌ನಂಥ ಪ್ಯಾಕೇಜ್ ವ್ಯವಸ್ಥೆಗಳಲ್ಲಿ ಸೋರ್ಸ್ ಬದಲಾಯಿಸಲಾಗದ ಸಂಗ್ರಹದಲ್ಲಿ ಇರುವುದರಿಂದ ಅದೇ ಜಾಗದಲ್ಲಿ ಬಿಲ್ಡ್ ಮಾಡಲು ಬರುವುದಿಲ್ಲ.

ಲಿನಕ್ಸ್ ಕರ್ನಲ್‌ನಲ್ಲಿ ಏನನ್ನೂ ಹೇಳದಿದ್ದರೆ ಇಂದಿಗೂ ಬಿಲ್ಡ್ ಸೋರ್ಸ್‌ನೊಳಗೇ ನಡೆಯುತ್ತದೆ. ಕರ್ನಲ್‌ನ ಹೊರಗಿನ ಮಾಡ್ಯೂಲ್‌ಗಳ ಸ್ಥಿತಿ ಇನ್ನೂ ಹಿಂದುಳಿದಿತ್ತು. ಸ್ಥಾಪಿತ ಕರ್ನಲ್‌ನ ಮಾಡ್ಯೂಲ್ ಡೈರೆಕ್ಟರಿಯಲ್ಲಿರುವ ‘ಬಿಲ್ಡ್’ ಎಂಬ ಲಿಂಕ್ ಕರ್ನಲ್‌ನ ಬಿಲ್ಡ್ ಡೈರೆಕ್ಟರಿಯನ್ನು ತೋರಿಸುತ್ತದೆ; ಮಾಡ್ಯೂಲ್ ಬರೆಯುವವರು ಅದನ್ನು ಹಿಡಿದು ‘ಎಂ=’ ಎಂದು ತಮ್ಮ ಸೋರ್ಸ್ ಇರುವ ಜಾಗವನ್ನು ಹೇಳುತ್ತಿದ್ದರು, ಆಬ್ಜೆಕ್ಟ್‌ಗಳೂ ಆ ಸೋರ್ಸ್ ಪಕ್ಕದಲ್ಲೇ ಬಂದು ಬೀಳುತ್ತಿದ್ದವು. ಹಲವು ವಿತರಣೆಗಳಲ್ಲಿ ಬಳಕೆಯಾಗುವ ಡಿಕೆಎಂಎಸ್ ಎಂಬ ಉಪಕರಣ ಇದನ್ನು ತಪ್ಪಿಸಲು ಮಾಡ್ಯೂಲ್‌ನ ಸೋರ್ಸನ್ನು ಪ್ರತಿ ಬಿಲ್ಡ್‌ಗೂ ಬೇರೊಂದು ಡೈರೆಕ್ಟರಿಗೆ ನಕಲು ಮಾಡಿ ಅಲ್ಲೇ ಕಟ್ಟುತ್ತದೆ. 2025ರ ಜನವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 6.13ರಲ್ಲಿ ಮಸಾಹಿರೊ ಯಮಾಡ ಅವರು ‘ಎಂಓ=’ ಎಂಬ ಆಯ್ಕೆಯನ್ನು ಸೇರಿಸಿದರು. ಅದರ ಮುಂದೆ ಡೈರೆಕ್ಟರಿಯ ಪಥವನ್ನು ಬರೆದರೆ ಹೊರಗಿನ ಮಾಡ್ಯೂಲ್‌ನ ಉತ್ಪನ್ನಗಳೂ ಅಲ್ಲಿಗೇ ಹೋಗುತ್ತವೆ, ಒಂದೇ ಮಾಡ್ಯೂಲ್ ಸೋರ್ಸನ್ನು ಹಲವು ಕರ್ನಲ್ ಆವೃತ್ತಿಗಳಿಗೆ ನಕಲಿಲ್ಲದೆ ಕಟ್ಟಬಹುದು.